ಅಂಟು ಹಾಕದ ನೆಲ: ಬಾಡಿಗೆ ಮನೆಗೆ ಕಾರ್ಪೆಟ್ ಟೈಲ್ಸ್ ಯಾಕೆ, ಹೇಗೆ?

ರಾತ್ರಿ ಎರಡೂವರೆಗೆ ಅಪ್ಪ ಬಾತ್‌ರೂಮಿಗೆ ಎದ್ದಿದ್ದರು. ಬೆಳಗ್ಗೆ ಏಳಕ್ಕೆ ಕೆಳಗಿನ ಮನೆಯ ಓನರ್ ಆಂಟಿಯಿಂದ ವಾಟ್ಸಾಪ್ ಬಂತು: "ರಾತ್ರಿ ಮತ್ತೆ ಸೌಂಡ್. ನಮಗೂ ವಯಸ್ಸಾಗಿದೆ, ನಿದ್ದೆ ಬರಲ್ಲ. ಹೀಗೇ ಆದ್ರೆ ಅಗ್ರಿಮೆಂಟ್ ಮುಂದುವರಿಸೋದು ಕಷ್ಟ ಆಗುತ್ತೆ."

ಅಪ್ಪನಿಗೆ ಪಾರ್ಶ್ವವಾಯು ಆಗಿ ಆರು ತಿಂಗಳಾಗಿತ್ತು. ಅಲ್ಯೂಮಿನಿಯಂ ವಾಕರ್ ಎತ್ತಿ ಇಟ್ಟು, ಎತ್ತಿ ಇಟ್ಟು ಹನ್ನೆರಡು ಹೆಜ್ಜೆ ನಡೆಯುವುದನ್ನು ಕಲಿಯಲು ಅವರಿಗೆ ಮೂರು ತಿಂಗಳು ಹಿಡಿದಿತ್ತು. ಆ ಮೆಸೇಜನ್ನು ನಾನು ತೋರಿಸಲಿಲ್ಲ. ಆದರೂ ಹೇಗೋ ಗೊತ್ತಾಗಿತ್ತು. ಮಾರನೇ ರಾತ್ರಿ ಅವರು ಏಳಲೇ ಇಲ್ಲ. ಬೆಳಗ್ಗೆ ಹಾಸಿಗೆ ಒದ್ದೆಯಾಗಿತ್ತು.

ಬೇರೆ ಮನೆ ನೋಡಬಹುದಲ್ಲ ಅಂತ ನೀವು ಕೇಳಬಹುದು. ಬೆಂಗಳೂರಲ್ಲಿ ಮನೆ ಹುಡುಕಿದವರು ಕೇಳಲ್ಲ. "ನೀವು ಯಾವ ಜನ?", "ನಾನ್‌ವೆಜ್ ಮಾಡ್ತೀರಾ?", "ಮನೇಲಿ ಕಾಯಿಲೆಯವರು ಇದಾರಾ?" ಎಂಬ ಪ್ರಶ್ನೆಗಳನ್ನು ದಾಟಿ ಈ ಮನೆ ಸಿಕ್ಕಿತ್ತು. ಹಾಗಾಗಿ ಮನೆ ಬಿಡುವ ಬದಲು ನೆಲ ಬದಲಿಸಲು ಹೊರಟೆ. ಒಂದು ಭಾನುವಾರದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ, ಎರಡು ಭಾನುವಾರ ಬೇಕಾಯಿತು. ನಾನು ಕಲಿತದ್ದು ನಿಮಗೂ ಉಪಯೋಗಕ್ಕೆ ಬರಬಹುದು.

ಸದ್ದು ಎಲ್ಲಿಂದ ಬರುತ್ತೆ?

ಏನನ್ನಾದರೂ ಕೊಳ್ಳುವ ಮೊದಲು ನಾನು ಮಾಡಿದ ಒಳ್ಳೆಯ ಕೆಲಸ ಒಂದೇ. ಕೆಳಗೆ ಹೋಗಿ, "ಆಂಟಿ, ಹತ್ತು ನಿಮಿಷ ನಿಮ್ಮ ರೂಮಲ್ಲಿ ಕೂತು ಕೇಳಿಸ್ಕೊಳ್ಳಲಾ?" ಅಂತ ಕೇಳಿದೆ. ಮೇಲೆ ತಂಗಿ ವಾಕರ್ ಹಿಡಿದು ನಡೆದಳು. ನಿಜ ಹೇಳಬೇಕೆಂದರೆ ನನಗೆ ಗಾಬರಿಯಾಯಿತು. ಯಾರೋ ಸುತ್ತಿಗೆಯಲ್ಲಿ ಸೀಲಿಂಗ್ ಕುಟ್ಟಿದಂತಿತ್ತು. ಅವರ ದೂರು ಸುಳ್ಳಲ್ಲ.

ಆದರೆ ಅದೇ ಹತ್ತು ನಿಮಿಷದಲ್ಲಿ ಮೇಲಿನ ಟಿವಿ ಸದ್ದು ನನಗೆ ಹೆಚ್ಚು ಕೇಳಲಿಲ್ಲ. ಕಾರಣ ಇದೆ. ಮನೆಯಲ್ಲಿ ಸದ್ದು ಎರಡು ದಾರಿಯಲ್ಲಿ ಓಡಾಡುತ್ತೆ. ಮಾತು, ಟಿವಿ, ಹಾಡು ಗಾಳಿಯಲ್ಲಿ ಬರುವ ಸದ್ದು. ಭಾರವಾದ ಕಾಂಕ್ರೀಟ್ ಸ್ಲ್ಯಾಬ್ ಅದನ್ನು ಸಾಕಷ್ಟು ತಡೆಯುತ್ತೆ. ಹೆಜ್ಜೆ, ವಾಕರ್, ಕುರ್ಚಿ ಎಳೆಯುವುದು, ಬಿದ್ದ ಚಮಚ ಇವೆಲ್ಲ ಹೊಡೆತದ ಸದ್ದು. ಹೊಡೆತ ನೇರ ಸ್ಲ್ಯಾಬಿಗೇ ಬೀಳುತ್ತೆ, ಇಡೀ ಸ್ಲ್ಯಾಬು ಅದುರುತ್ತೆ, ಕೆಳಗಿನವರ ಸೀಲಿಂಗೇ ಸ್ಪೀಕರ್ ಆಗುತ್ತೆ. ನಮ್ಮ ಮನೆಗಳಲ್ಲಿ ಸ್ಲ್ಯಾಬ್, ಅದರ ಮೇಲೆ ಸಿಮೆಂಟ್ ಗಾರೆ, ಅದರ ಮೇಲೆ ವಿಟ್ರಿಫೈಡ್ ಟೈಲ್ಸ್. ಮೂರೂ ಗಟ್ಟಿ, ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ನಡುವೆ ಮೆತ್ತನೆಯದ್ದು ಏನೂ ಇಲ್ಲ.

ಹೊಡೆತದ ಸದ್ದನ್ನು ತಡೆಯುವ ಸುಲಭದ ಜಾಗ ಹೊಡೆತ ಬೀಳುವ ಜಾಗವೇ. ಅಂದರೆ ನೆಲದ ಮೇಲ್ಮೈ. ಕೆಳಗಿನವರು ಸೀಲಿಂಗಿಗೆ ಏನು ಬಡಿಸಿದರೂ ಅಷ್ಟು ಪ್ರಯೋಜನ ಆಗಲ್ಲ.

ಮೊದಲು ಖರ್ಚಿಲ್ಲದ ಉಪಾಯ ಮಾಡಿ. ನಾನು ವಾಕರಿನ ನಾಲ್ಕು ರಬ್ಬರ್ ಬುಷ್ ಬದಲಿಸಿದೆ. ಹಳೆಯವು ಸವೆದು ಲೋಹವೇ ನೆಲಕ್ಕೆ ತಾಗುತ್ತಿತ್ತು. ಕುರ್ಚಿಯ ಕಾಲಿಗೂ ರಬ್ಬರ್ ಹಾಕಿದೆ. ಸದ್ದು ಸ್ವಲ್ಪ ತಗ್ಗಿತು, ಸಾಲಲಿಲ್ಲ. ಅಮ್ಮ ಜೋಪಾನ ಮಾಡಿದ್ದ ನವಲಗುಂದದ ಜಮಖಾನ ಹಾಸಿ ನೋಡಿದೆವು. ಚೆಂದ ಕಂಡಿತು, ಆದರೆ ನುಣುಪಾದ ಟೈಲ್ಸ್ ಮೇಲೆ ಅದು ಜಾರುತ್ತೆ. ವಾಕರ್ ಹಿಡಿದವರ ಕಾಲಡಿ ಜಾರುವುದು ಏನೂ ಇರಬಾರದು. ಅದೇ ದಿನ ಮಡಚಿಟ್ಟೆವು.

ಹನ್ನೊಂದು ತಿಂಗಳ ನೆಲ

ಸ್ವಂತ ಮನೆಯಾಗಿದ್ದರೆ ನೆಲಕ್ಕೆ ರಬ್ಬರ್ ಶೀಟು, ಮರದ ಹಲಗೆ, ಏನು ಬೇಕಾದರೂ ಅಂಟಿಸಬಹುದಿತ್ತು. ಬಾಡಿಗೆದಾರ ಮೊಳೆ ಹೊಡೆಯುವ ಮೊದಲೂ ಯೋಚಿಸಬೇಕು.

1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದನ್ನು ತಪ್ಪಿಸಲು ದೇಶದ ತುಂಬ 11 ತಿಂಗಳ ಅಗ್ರಿಮೆಂಟ್ ರೂಢಿಯಾಗಿದೆ. ನಮ್ಮ ಬದುಕಿಗೆ 11 ತಿಂಗಳ ಗಡುವು ಬಿದ್ದದ್ದು ಹೀಗೆ. ಇನ್ನು ಅಡ್ವಾನ್ಸು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಅಂತಿದೆ. ಆದರೆ ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯ ಸರ್ಕಾರ ಅದನ್ನು ತನ್ನ ಕಾನೂನಾಗಿ ಮಾಡಿಕೊಳ್ಳದ ಹೊರತು ನಿಮ್ಮ ಓನರಿಗೆ ಅದು ಅನ್ವಯಿಸಲ್ಲ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಹಳೆಯದು. ನಾನು ಕೊಟ್ಟದ್ದು ಆರು ತಿಂಗಳದ್ದು. ನೆಲದ ಮೇಲೊಂದು ಅಂಟಿನ ಕಲೆ ಬಿದ್ದರೂ ಆ ದುಡ್ಡಿನಿಂದಲೇ ಕಡಿತ.

ಹಾಗಾಗಿ ನನಗೆ ಬೇಕಿದ್ದ ನೆಲಕ್ಕೆ ಮೂರು ಷರತ್ತು: ಸದ್ದು ನುಂಗಬೇಕು, ಜಾರಬಾರದು, ಹೋಗುವಾಗ ಗುರುತೇ ಇಲ್ಲದಂತೆ ಎತ್ತಿಕೊಂಡು ಹೋಗುವಂತಿರಬೇಕು. ಮೂರಕ್ಕೂ ಹೊಂದಿದ್ದು ಕಾರ್ಪೆಟ್ ಟೈಲ್.

ಆಫೀಸಿನಿಂದ ಮನೆಗೆ

ನೀವು ಯಾವುದಾದರೂ ಟೆಕ್ ಪಾರ್ಕಿನೊಳಗೆ ಕೆಲಸ ಮಾಡಿದ್ದರೆ ಇದರ ಮೇಲೆ ಓಡಾಡಿದ್ದೀರಿ. ಸಾಮಾನ್ಯವಾಗಿ 50 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಚೌಕ. ಮೇಲೆ ನೈಲಾನ್ ಅಥವಾ ಪಾಲಿಪ್ರೊಪಿಲೀನ್ ನೂಲಿನ ಕುಣಿಕೆಗಳು, ಅಡಿಗೆ ಪಿವಿಸಿ ಅಥವಾ ಡಾಂಬರು ಜಾತಿಯ ಬಿಟುಮೆನ್‌ನ ಭಾರದ ಪದರ. ಆ ಭಾರವೇ ಅದನ್ನು ಮಡಚದಂತೆ ನೆಲಕ್ಕೆ ಕೂರಿಸುತ್ತೆ. ಆಫೀಸುಗಳು ಇದನ್ನು ಮೆಚ್ಚಲು ಕಾರಣ ಸರಳ. ಕಾಫಿ ಚೆಲ್ಲಿದರೆ ಒಂದೇ ಚೌಕ ಬದಲಿಸಿದರೆ ಸಾಕು. ನೆಲದಡಿ ಕೇಬಲ್ ಎಳೆಯಬೇಕಾದರೆ ಅಲ್ಲಿನ ನಾಲ್ಕು ಚೌಕ ಎತ್ತಿದರೆ ಆಯಿತು.

ಈ ಉದ್ಯಮದ ದೊಡ್ಡ ಹೆಸರು ಅಮೆರಿಕದ ರೇ ಆ್ಯಂಡರ್ಸನ್. 1973ರಲ್ಲಿ ಜಾರ್ಜಿಯಾದಲ್ಲಿ ಇಂಟರ್‌ಫೇಸ್ ಕಂಪನಿ ಶುರು ಮಾಡಿ ಕಾರ್ಪೆಟ್ ಟೈಲ್ ಮಾರಿ ಬೆಳೆದವರು. 1994ರಲ್ಲಿ ಪರಿಸರದ ಬಗ್ಗೆ ಪಾಲ್ ಹಾಕೆನ್ ಬರೆದ ಪುಸ್ತಕ ಓದಿ, ತಾನೂ ಭೂಮಿಯನ್ನು ಲೂಟಿ ಮಾಡಿದವನೇ ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಅವರಿಗೆ ಹಾಗನ್ನಿಸಲು ಕಾರಣವಿತ್ತು. ನೂಲೂ ಪೆಟ್ರೋಲಿಯಂನಿಂದ, ಅಡಿಪದರವೂ ಪೆಟ್ರೋಲಿಯಂ ಮೂಲದ್ದು. ಎರಡನ್ನೂ ಬಿಡಿಸಲಾಗದಂತೆ ಅಂಟಿಸಿರುವುದರಿಂದ ಮರುಬಳಕೆಗೆ ಕರಗಿಸುವುದೂ ಕಷ್ಟ.

ಆದ್ದರಿಂದ ನನ್ನ ಮೊದಲ ಸಲಹೆ: ಹೊಸದು ಕೊಳ್ಳಬೇಡಿ. ಆಫೀಸು ಖಾಲಿಯಾದಾಗ, ಒಳಾಂಗಣ ಬದಲಾದಾಗ ಕಿತ್ತ ಟೈಲ್ಸ್ ಹಳೆ ಆಫೀಸ್ ಫರ್ನಿಚರ್ ಮಾರುವ ಗೋಡೌನುಗಳಿಗೆ ಬರುತ್ತವೆ. ನನಗೆ ಒಂದಕ್ಕೆ 60 ರೂಪಾಯಿಯಂತೆ ಸಿಕ್ಕವು. ಆರಿಸುವಾಗ ನೋಡಬೇಕಾದದ್ದು: ಮೂಲೆ ಸುರುಳಿಯಾಗಿರಬಾರದು, ಅಡಿಪದರ ಬಿರುಕು ಬಿಟ್ಟಿರಬಾರದು, ಹಳೆಯ ಅಂಟು ಜಿಗುಟಾಗಿ ಉಳಿದಿರಬಾರದು, ಮುಗ್ಗಲು ವಾಸನೆ ಇರಬಾರದು. ನೂಲು ಗಿಡ್ಡವಾಗಿ, ಒತ್ತಾಗಿರಲಿ. ಉದ್ದ ನೂಲಿನ ಮೆತ್ತನೆ ಕಾರ್ಪೆಟ್ಟಿನಲ್ಲಿ ವಾಕರ್ ಕಾಲು ಸಿಕ್ಕಿಕೊಳ್ಳುತ್ತೆ.

ಗೋಡೌನಿನಲ್ಲಿ ಟೈಲ್ಸ್ ಎಣಿಸಿ ಕೊಟ್ಟವರು ಹಿಂದೆ ಇದೇ ಟೆಕ್ ಪಾರ್ಕುಗಳಲ್ಲಿ ಕಾರ್ಪೆಟ್ ಹಾಕುತ್ತಿದ್ದವರು. "ಶುಕ್ರವಾರ ರಾತ್ರಿ ಶುರು ಮಾಡಿದ್ರೆ ಸೋಮವಾರ ಬೆಳಗ್ಗೆಯೊಳಗೆ ಫ್ಲೋರ್ ರೆಡಿ ಇರ್ಬೇಕಿತ್ತು ಸರ್. ಮಂಡಿ ಹೋಯ್ತು, ಬಿಟ್ಟೆ" ಅಂದರು. ಅವರಿಂದಲೇ ಮುಖ್ಯ ಪಾಠ ಸಿಕ್ಕಿದ್ದು: "ಗೋಡೆ ನಂಬ್ಬೇಡಿ, ದಾರ ನಂಬಿ."

ಎಷ್ಟು ಬೇಕು?

ಇಲ್ಲಿ ಎಲ್ಲರೂ ಎಡವುತ್ತಾರೆ, ಆದ್ದರಿಂದ ನಿಧಾನವಾಗಿ ನೋಡೋಣ. ಅಪ್ಪನ ರೂಮು 10 ಅಡಿ ಅಗಲ, 12 ಅಡಿ ಉದ್ದ. ಅಂದರೆ 305 ಸೆಂ.ಮೀ., 366 ಸೆಂ.ಮೀ. ವಿಸ್ತೀರ್ಣ ಸುಮಾರು 11.2 ಚದರ ಮೀಟರ್. ನಾಲ್ಕು ಟೈಲ್ ಸೇರಿದರೆ ಒಂದು ಚದರ ಮೀಟರ್, ಹಾಗಾಗಿ 45 ಟೈಲ್. ಕತ್ತರಿಸುವಾಗ ಹಾಳಾಗುವುದಕ್ಕೆ ಶೇ 10 ಸೇರಿಸಿ 50 ತಗೊಳ್ಳಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಚಿಕ್ಕ ರೂಮಿನಲ್ಲಿ ಈ ಲೆಕ್ಕ ಕೈಕೊಡುತ್ತೆ.

ಪುಸ್ತಕದ ಪ್ರಕಾರ ರೂಮಿನ ನಡುವಿನಿಂದ ಶುರು ಮಾಡಿ ನಾಲ್ಕೂ ಗೋಡೆಗೆ ಸಮವಾಗಿ ಕತ್ತರಿಸಬೇಕು. ಹಾಗೆ ಮಾಡಿದರೆ ಅಗಲಕ್ಕೆ 5 ಇಡೀ ಟೈಲ್, ಎರಡೂ ಬದಿಗೆ 27.5 ಸೆಂ.ಮೀ.ನ ತುಂಡು. ಉದ್ದಕ್ಕೆ 6 ಇಡೀ ಟೈಲ್, ಎರಡೂ ಬದಿಗೆ 33 ಸೆಂ.ಮೀ.ನ ತುಂಡು. ನೋಡಲು ಇದೇ ಚೆಂದ. ಆದರೆ ಒಂದು ಟೈಲಿನಿಂದ ಇಂಥ ಒಂದೇ ತುಂಡು ಬರುತ್ತೆ, ಉಳಿದದ್ದು ಕಸ. ಒಟ್ಟು 56 ಟೈಲ್ ಬೇಕು.

ಎರಡನೇ ದಾರಿ, ಒಂದು ಮೂಲೆಯಿಂದ ಶುರು ಮಾಡುವುದು. 6 ಸಾಲು, ಸಾಲಿಗೆ 7ರಂತೆ 42 ಇಡೀ ಟೈಲ್. ಒಂದು ಬದಿ 5 ಸೆಂ.ಮೀ., ಇನ್ನೊಂದು ಬದಿ 16 ಸೆಂ.ಮೀ. ಪಟ್ಟಿ ಉಳಿಯುತ್ತೆ. ಅದಕ್ಕೆ ಮೂರು ಟೈಲ್ ಕತ್ತರಿಸಿದರೆ ಸಾಕು, ಒಟ್ಟು 45. ಆದರೆ 5 ಸೆಂ.ಮೀ.ನ ಪಟ್ಟಿ ನೆಲಕ್ಕೆ ಕೂರಲ್ಲ, ಬೇಗ ಏಳುತ್ತೆ.

ಮೂರನೇ ದಾರಿ ಬಾಡಿಗೆದಾರನದ್ದು: 42 ಟೈಲ್ ಹಾಕಿ, ಉಳಿದ ಪಟ್ಟಿಯನ್ನು ಹಾಗೇ ಬಿಡುವುದು. ಅದು ಮಂಚದ ಅಡಿ, ಬೀರು ಹಿಂದೆ ಬರುವಂತೆ ನೋಡಿಕೊಂಡರೆ ಯಾರಿಗೂ ಕಾಣಲ್ಲ. ಗೋಡೆಯಿಂದ ಗೋಡೆಗೆ ಮುಚ್ಚಲೇಬೇಕು ಅಂತ ಯಾವ ಕಾನೂನೂ ಇಲ್ಲ. ನಾನು ಆರು ಹೆಚ್ಚುವರಿ ಸೇರಿಸಿ 48 ತಂದೆ. ಒಂದೊಂದೂ ಹತ್ತಿರ ಹತ್ತಿರ ಒಂದು ಕಿಲೋ. ಆಟೋದಲ್ಲಿ ತಂದು ಎರಡು ಮಹಡಿ ಹತ್ತಿಸುವಾಗ ಲೆಕ್ಕ ಚೆನ್ನಾಗಿ ಅರ್ಥವಾಯಿತು.

ಕೆಲಸ ಶುರು

ತೊಳೆದು ಒಣಗಿಸಿ. ಹಳೆಯ ಟೈಲ್ಸ್ ಅಂದರೆ ಬೇರೆಯವರ ಬೂಟಿನ ಧೂಳು. ಟೆರೇಸಿನಲ್ಲಿ ಸೋಪಿನ ನೀರಲ್ಲಿ ಉಜ್ಜಿ, ನೆರಳಲ್ಲಿ ಒರಗಿಸಿ ಪೂರ್ತಿ ಒಣಗಿಸಿದೆ. ಆಮೇಲೆ ಹಾಕುವ ರೂಮಿನಲ್ಲೇ ಒಂದು ದಿನ ಮಟ್ಟಸವಾಗಿ ಇಡಿ. ಅಲ್ಲಿನ ಬಿಸಿಗೆ, ತೇವಕ್ಕೆ ಹೊಂದಿಕೊಂಡು ಸಮವಾಗುತ್ತವೆ.

ನೆಲದ ತೇವ ಪರೀಕ್ಷಿಸಿ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದರೆ ಆ ನೆಲಕ್ಕೆ ಕಾರ್ಪೆಟ್ ಬೇಡ. ನೆಲಮಹಡಿಯ ಹಳೆ ಮನೆಗಳಲ್ಲಿ ಇದನ್ನು ತಪ್ಪದೆ ಮಾಡಿ.

ಬಾಗಿಲು ನೋಡಿ. ಬಾಗಿಲ ಅಡಿ ಒಂದು ಟೈಲ್ ಇಟ್ಟು ತೆರೆದು ಮುಚ್ಚಿ. ನನ್ನ ಟೈಲ್ 6.5 ಮಿ.ಮೀ. ದಪ್ಪ, ಬಾಗಿಲ ಕೆಳಗಿನ ಸಂದು 1 ಸೆಂ.ಮೀ. ಬದುಕಿದೆ. ಸಂದು ಇಲ್ಲದಿದ್ದರೆ ಬಾಗಿಲು ಹೆರೆಸಬೇಕಾಗುತ್ತೆ, ಅದಕ್ಕೆ ಓನರ್ ಒಪ್ಪಿಗೆ ಬೇಕು.

ಗೆರೆ ಹಾಕಿ. ನಮ್ಮ ಯಾವ ರೂಮಿನ ಗೋಡೆಯೂ ನೇರ ಇರಲ್ಲ. ಗೋಡೆಗೆ ಒತ್ತಿ ಶುರು ಮಾಡಿದರೆ ಏಳನೇ ಟೈಲಿಗೆ ಬರುವಷ್ಟರಲ್ಲಿ ಸಾಲು ವಾಲಿರುತ್ತೆ. ದಾರ ಎಳೆದು ಒಂದು ನೇರ ಗೆರೆ, ಅದಕ್ಕೆ ಅಡ್ಡ ಇನ್ನೊಂದು ಗೆರೆ ಹಾಕಿ. ಮೂಲೆ ಸರಿಯಿದೆಯಾ ಅಂತ ನೋಡಲು ಗಾರೆ ಕೆಲಸದವರ 3-4-5 ಲೆಕ್ಕ ಸಾಕು: ಒಂದು ಗೆರೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಮಾಡಿ, ಎರಡು ಗುರುತಿನ ನಡುವೆ 5 ಅಡಿ ಬಂದರೆ ಮೂಲೆ ನೇರ. ನೆಲದಲ್ಲಿ ವಿಟ್ರಿಫೈಡ್ ಟೈಲ್ಸ್ ನೇರವಾಗಿ ಕೂತಿದ್ದರೆ ಅದರ ಸಂದಿಯನ್ನೇ ಗೆರೆಯಾಗಿ ಬಳಸಬಹುದು. ನಾನು ಹಾಗೇ ಮಾಡಿದೆ.

ಬಾಣ ನೋಡಿ. ಪ್ರತಿ ಟೈಲಿನ ಬೆನ್ನಲ್ಲಿ ಒಂದು ಬಾಣದ ಗುರುತು ಇರುತ್ತೆ, ಅದು ನೂಲು ವಾಲಿದ ದಿಕ್ಕು. ಎಲ್ಲ ಬಾಣ ಒಂದೇ ಕಡೆ ಇದ್ದರೆ ನೆಲ ಒಂದೇ ಹಾಸಿನಂತೆ ಕಾಣುತ್ತೆ. ಒಂದು ತಿರುಗಿದರೂ ಬಣ್ಣ ಬೇರೆ ಕಾಣುತ್ತೆ. ಆದರೆ ಹಳೆಯ ಟೈಲ್ಸ್ ಬಣ್ಣ ಹೇಗೂ ಒಂದೇ ಸಮ ಇರಲ್ಲ. ಒಂದು ಬಿಟ್ಟು ಒಂದನ್ನು ಕಾಲು ಸುತ್ತು ತಿರುಗಿಸಿ ಚದುರಂಗದ ಹಾಸಿನಂತೆ ಹಾಕಿದರೆ ಆ ವ್ಯತ್ಯಾಸವೇ ವಿನ್ಯಾಸ ಆಗುತ್ತೆ.

ಕತ್ತರಿಸುವುದು. ನನ್ನ ರೂಮಿನ ಮೂಲೆಯಲ್ಲಿ ಪಿಲ್ಲರ್ ಚಾಚಿಕೊಂಡಿತ್ತು, ಒಂದೇ ಟೈಲ್ ಕತ್ತರಿಸಬೇಕಾಯಿತು. ಅಳತೆಯನ್ನು ಕಾಗದಕ್ಕೆ ಬರೆದುಕೊಂಡು, ಟೈಲನ್ನು ಮಗುಚಿ, ಬೆನ್ನ ಕಡೆಯಿಂದ ಸ್ಟೀಲ್ ಸ್ಕೇಲ್ ಇಟ್ಟು ಕಟ್ಟರ್ ಎಳೆಯಬೇಕು. ಮಗುಚಿದಾಗ ಎಡ-ಬಲ ಅದಲುಬದಲಾಗುತ್ತೆ, ಎಚ್ಚರ. ಒಂದೇ ಏಟಿಗೆ ತುಂಡಾಗಲ್ಲ, ಮೂರ್ನಾಲ್ಕು ಸಲ ಹಗುರವಾಗಿ ಎಳೆಯಿರಿ. ಬ್ಲೇಡು ಹೊಸದಿರಲಿ. ಮೊಂಡು ಬ್ಲೇಡಿಗೆ ಜೋರು ಹಾಕಿದಾಗಲೇ ಕೈ ಕುಯ್ಯುವುದು.

ಜೋಡಿಸುವುದು. ಇಲ್ಲಿ ನಾನು ತಪ್ಪಿದೆ. ಭಾರ ಇದೆಯಲ್ಲ, ಸಾಕು ಅಂದುಕೊಂಡು 42ನ್ನೂ ಹಾಗೇ ಇಟ್ಟುಬಿಟ್ಟೆ. ಒಂದು ಗಂಟೆಯಲ್ಲಿ ರೂಮು ಆಫೀಸಿನಂತೆ ಕಂಡಿತು. ಆ ರಾತ್ರಿ ಬಾಗಿಲ ಬಳಿಯ ಟೈಲ್ ಒಂದು ಬೆರಳಷ್ಟು ಸರಿದು ವಾಕರ್ ಕಾಲು ಸಂದಿಗೆ ಸಿಕ್ಕಿತು. ಅಪ್ಪ ಮಂಚದ ಕಂಬಿ ಹಿಡಿದುಕೊಂಡದ್ದರಿಂದ ಬೀಳಲಿಲ್ಲ. ಮುಂದಿನ ಭಾನುವಾರದವರೆಗೆ ಬಾಗಿಲ ಬಳಿಯ ಸಾಲುಗಳನ್ನು ಎತ್ತಿಟ್ಟೆ.

ಸರಿಯಾದ ವಿಧಾನ ಇದು: ನಾಲ್ಕು ಟೈಲಿನ ಮೂಲೆ ಸೇರುವ ಕಡೆ, ಅಡಿಯಲ್ಲಿ, ಅಂಟು ಮೇಲ್ಮುಖವಾಗಿ ಒಂದು ತುಂಡು ಟೇಪ್. ಟೈಲ್ಸ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನೆಲಕ್ಕೆ ಅಲ್ಲ. ಇಡೀ ಹಾಸು ಒಂದೇ ತುಂಡಾಗಿ ತನ್ನ ಭಾರಕ್ಕೆ ಕೂರುತ್ತೆ. ಇದಕ್ಕೆಂದೇ ಮಾಡಿದ ಚೌಕ ಸ್ಟಿಕ್ಕರ್ ಬರುತ್ತವೆ. ನಾನು ಅಗಲದ ಡಕ್ಟ್ ಟೇಪನ್ನು ಹತ್ತು ಸೆಂ.ಮೀ. ತುಂಡು ಮಾಡಿ ಬಳಸಿದೆ. ಒಳಗಿನ 30 ಮೂಲೆ, ಅಂಚಿನ 22 ಜೋಡಣೆ, ಒಟ್ಟು 52 ತುಂಡು. ಬಾಗಿಲ ಅಂಚಿಗೆ ಮಾತ್ರ ಡಬಲ್ ಸೈಡ್ ಟೇಪ್ ಹಾಕಿ, ಎಡವದಂತೆ ಇಳಿಜಾರಿನ ರಬ್ಬರ್ ಪಟ್ಟಿ ಕೂರಿಸಿದೆ. ಆ ಟೇಪನ್ನು ಮೊದಲು ಬೀರು ಹಿಂದೆ ಒಂದು ವಾರ ಅಂಟಿಸಿ, ಕಿತ್ತು ನೋಡಿದ್ದೆ. ಉಳಿದ ಜಿಗುಟು ಸೀಮೆಎಣ್ಣೆ ಬಟ್ಟೆಗೆ ಹೋಯಿತು. ರೆಡ್ ಆಕ್ಸೈಡ್ ನೆಲವಾದರೆ ಇಂಥ ಧೈರ್ಯ ಬೇಡ, ಅದು ಕಲೆ ಹೀರಿಕೊಳ್ಳುತ್ತೆ.

ಎಲ್ಲಿ ಬೇಡ?

ಅಡುಗೆಮನೆ, ಬಾತ್‌ರೂಮಿನ ಮುಂದೆ, ದೀಪ-ಊದುಬತ್ತಿ ಹಚ್ಚುವ ಜಾಗ, ಇಷ್ಟು ಕಡೆ ಕಾರ್ಪೆಟ್ ಹಾಕಬೇಡಿ. ಮನೆಯಲ್ಲಿ ಉಬ್ಬಸ, ಧೂಳಿನ ಅಲರ್ಜಿ ಇರುವವರಿದ್ದರೆ ಡಾಕ್ಟರನ್ನು ಕೇಳಿ. ಕರಾವಳಿಯ ಮಳೆಗಾಲದಲ್ಲಿ ಬಟ್ಟೆಯೇ ಒಣಗಲ್ಲ, ಕಾರ್ಪೆಟ್ ಹೇಗೆ ಒಣಗುತ್ತೆ? ಬೇರೆ ಕಡೆಯೂ ಗುಡಿಸಿದರೆ ಸಾಲದು, ವ್ಯಾಕ್ಯೂಮ್ ಬೇಕು. ಇಲ್ಲದಿದ್ದರೆ ತಿಂಗಳಿಗೊಮ್ಮೆ ಎತ್ತಿ ಕೊಡವಬೇಕು.

ತಪ್ಪು ಯಾರದ್ದು?

ಎಲ್ಲ ಮುಗಿದ ಮೇಲೆ ಮತ್ತೆ ಕೆಳಗೆ ಹೋಗಿ ಕೂತೆ. ತಂಗಿ ಮೇಲೆ ನಡೆದಳು. ಸುತ್ತಿಗೆಯ ಸದ್ದು ಹೋಗಿತ್ತು. ಮೆತ್ತಗಿನ 'ದಪ್' ಮಾತ್ರ, ಅದೂ ಗಮನವಿಟ್ಟರೆ. ಬಾಗಿಲಿನಿಂದ ಬಾತ್‌ರೂಮಿನವರೆಗಿನ ಮೂರು ಹೆಜ್ಜೆ ಈಗಲೂ ಕೇಳುತ್ತೆ, ಅಲ್ಲಿ ನೆಲ ಒದ್ದೆಯಾಗುವುದರಿಂದ ಟೈಲ್ ಹಾಕಿಲ್ಲ. ಆಂಟಿ, "ಈಗ ಪರ್ವಾಗಿಲ್ಲಪ್ಪ" ಅಂದರು. ಆಮೇಲೆ, "ನಿಮ್ಮಪ್ಪ ಹೇಗಿದಾರೆ?" ಅಂತ ಕೇಳಿದರು. ಆರು ತಿಂಗಳಲ್ಲಿ ಮೊದಲ ಸಲ.

ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ನಿದ್ದೆಗೆಟ್ಟ ಒಬ್ಬ ವಯಸ್ಸಾದ ಹೆಂಗಸು ಮತ್ತು ನಡೆಯಲು ಹೆದರಿದ ಒಬ್ಬ ವಯಸ್ಸಾದ ಗಂಡಸು ಒಬ್ಬರಿಗೊಬ್ಬರು ಶತ್ರುಗಳಾಗಿದ್ದರು. ಇಬ್ಬರ ನಡುವೆ ಇದ್ದದ್ದು ಒಂದು ಸ್ಲ್ಯಾಬು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಶಬ್ದ ತಡೆಯ ಬಗ್ಗೆ ಒಂದು ವಿಭಾಗವೇ ಇದೆ. ಆದರೆ ಸಂಹಿತೆ ಸಲಹೆಯ ರೂಪದ್ದು. ಸ್ಥಳೀಯ ಬೈಲಾಗಳಲ್ಲಿ ಸೇರಿಸಿದಷ್ಟಕ್ಕೆ ಮಾತ್ರ ಬಲ. ನಮ್ಮ ಬಿಲ್ಡಿಂಗ್ ಕಟ್ಟಿದವರು ಆ ಪುಟ ತೆರೆದಂತೆ ಕಾಣಲ್ಲ. ಕಟ್ಟುವಾಗ ಟೈಲ್ಸ್ ಅಡಿ ಒಂದು ಮೆತ್ತನೆ ಪದರ ಹಾಕಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಆ ಉಳಿತಾಯದ ಬೆಲೆಯನ್ನು ಈಗ ಬಾಡಿಗೆದಾರ ಟೈಲಿಗೆ 60 ರೂಪಾಯಿಯಂತೆ ಕಟ್ಟುತ್ತಿದ್ದಾನೆ, ಓನರ್ ನಿದ್ದೆಯಲ್ಲಿ ಕಟ್ಟುತ್ತಿದ್ದಾರೆ.

ಬಾಡಿಗೆ ಕಾನೂನಿನ ಚರ್ಚೆ ಬಂದಾಗ ನಾವು ಅಡ್ವಾನ್ಸ್, ಕಮಿಷನ್, ಜಾತಿ ಕೇಳುವುದರ ಬಗ್ಗೆ ಮಾತಾಡುತ್ತೇವೆ. ಮಾತಾಡಲೇಬೇಕು. ಅದರ ಜೊತೆಗೆ ಇನ್ನೊಂದು ಕೇಳೋಣ: ವಾಸಕ್ಕೆಂದು ದುಡ್ಡು ಪಡೆಯುವ ಮನೆಯಲ್ಲಿ ಕಾಯಿಲೆಯವರು, ಮಕ್ಕಳು, ವಯಸ್ಸಾದವರು ಭಯವಿಲ್ಲದೆ ಹೆಜ್ಜೆ ಇಡುವಂತಿರಬೇಕು. ಅದನ್ನು ನೋಡಿಕೊಳ್ಳುವ ಹೊಣೆ ಕಟ್ಟುವವರದ್ದು, ಪರವಾನಗಿ ಕೊಡುವವರದ್ದು.

ಮಾರ್ಚ್‌ಗೆ ನಮ್ಮ ಅಗ್ರಿಮೆಂಟ್ ಮುಗಿಯುತ್ತೆ. ಮುಂದುವರಿಸ್ತಾರೋ ಇಲ್ವೋ ಇನ್ನೂ ಹೇಳಿಲ್ಲ. ಹೋಗಬೇಕಾದರೆ 48 ಟೈಲ್ಸ್ ಆಟೋದಲ್ಲಿ ನಮ್ಮ ಜೊತೆ ಬರುತ್ತವೆ, ಹೊಸ ರೂಮಿನ ಅಳತೆಗೆ ಹೊಸ ಲೆಕ್ಕ ಹಾಕಬೇಕು. ಸದ್ಯಕ್ಕೆ ಅಪ್ಪ ರಾತ್ರಿ ತಾವೇ ಎದ್ದು ಹೋಗಿ ಬರುತ್ತಾರೆ. ಕೆಲವೊಮ್ಮೆ ನನಗೆ ಎಚ್ಚರವೇ ಆಗಲ್ಲ.